ಹೊಂಗೆ ಮರಕ್ಕೆ ಕಟ್ಟಿದ ಹಗ್ಗ

ಮಿಸ್ ಬಂದರು, ಕಂಪ್ಯೂಟರ್ ಪರದೆಯ ಮೇಲೆ ಒಂದು ಸಲ ಕಣ್ಣು ಹಾಯಿಸಿದರು, ಒಂದೇ ಒಂದು ಕೀ ಒತ್ತಿದರು, ಪಾವಗಡದ ಮಕ್ಕಳ ಸ್ಪರ್ಧೆಯ ಚೀಟಿಗಳೆಲ್ಲ ಪಟಪಟನೆ ತುಂಬಿಕೊಂಡವು. ಕಳೆದ ತಿಂಗಳು ಸಿರಾದಲ್ಲಿ ನಡೆದ ಅವರ ನಿವೃತ್ತಿಯ ಸಮಾರಂಭದಲ್ಲಿ ಮೈಕ್ ಹಿಡಿದವರೆಲ್ಲ ಹೇಳಿದ್ದು ಇದನ್ನೇ. ಒಬ್ಬರು ಅವರ ಬೆರಳಲ್ಲಿ ಜಾದೂ ಇದೆ ಎಂದರು. ಮತ್ತೊಬ್ಬರು ಕಂಪ್ಯೂಟರೇ ಅವರಿಗೆ ಹೆದರುತ್ತಿತ್ತು ಎಂದರು. ಚಪ್ಪಾಳೆ ಬಿತ್ತು.

ನಾನು ಒಪ್ಪುವುದಿಲ್ಲ. ಅವತ್ತು ಅವರು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಆ ಕೀ ಒತ್ತಿದ ಬೆರಳು ನನ್ನದು. ಇನ್ನು ಕಣ್ಣು ಹಾಯಿಸಿದ ಕೂಡಲೇ ಎನ್ನುವ ಮಾತು. ಅವರ ಮೊದಲ ಊಹೆ ತಪ್ಪಾಗಿತ್ತು, ಎರಡನೆಯದೂ ತಪ್ಪಾಗಿತ್ತು, ಆಮೇಲೆ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದುಕೊಂಡು ಹೋಗಿ ಮಕ್ಕಳಾಟ ಆಡಿಸಿದರು. ಈ ಕಥೆ ಹೇಳಿದವರಲ್ಲಿ ಒಬ್ಬರೂ ಅವತ್ತು ಆ ಕೋಣೆಯಲ್ಲಿ ಇರಲಿಲ್ಲ. ನಾನಿದ್ದೆ. ಹೊಗಳಿಕೆ ಎಂಬ ಒಂದೇ ಕಾರಣಕ್ಕೆ ಒಂದು ಮಾತನ್ನು ಪರೀಕ್ಷೆ ಮಾಡದೆ ಬಿಟ್ಟುಬಿಡಬೇಕು ಎಂದು ಯಾವ ನಿಯಮದಲ್ಲಿದೆ?

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರೇ ಬೈಯುತ್ತಾರೆ. "ಹೆಸರು ಹಿಡಿದು ಯಾರನ್ನೂ ಹುಡುಕಬೇಡ, ನಂಬರ್ ಹಿಡಿದು ಹುಡುಕು. ನಾಲ್ಕು ತಾಲ್ಲೂಕಲ್ಲಿ ಎಷ್ಟು ಜನ ಮಂಜುನಾಥ ಇದಾರೆ, ಎಷ್ಟು ಜನ ಸಲ್ಮಾ ಇದಾರೆ, ಗೊತ್ತಾ?" ಎನ್ನುವುದು ಅವರು ಕಲಿಸಿದ ಮೊದಲ ಪಾಠ. ಸಿರಾದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು. ಅವರ ಅಣ್ಣನದು ಸಿರಾ ಪೇಟೆಯಲ್ಲಿ ಹತ್ತಿ ಹಾಸಿಗೆಯ ಅಂಗಡಿ. ಊರಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರಿಗೂ ಅವರು ಬರೀ ಮಿಸ್.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಮಧುಗಿರಿಯಲ್ಲಿ ಸೇರಿಸಿ ಹಾಡು, ಓಟ, ಚಿತ್ರ, ಚರ್ಚೆ ಎಂದು ಸ್ಪರ್ಧೆ ನಡೆಸುವ ಒಂದು ಸಣ್ಣ ಕೂಟ ನಮ್ಮದು. ನಾನು ತೋವಿನಕೆರೆಯವಳು. ಕಾಲೇಜಿನ ದಿನಗಳನ್ನು ಪಾಠಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಮಕ್ಕಳಿಗೆ ವಾದ ಮಾಡುವುದನ್ನು ಕಲಿಸಲೆಂದು ಕೂಟಕ್ಕೆ ಸೇರಿದೆ. ಸೇರಿದ ವಾರವೇ ಎಕ್ಸೆಲ್ ಶೀಟಿನ ಕೆಲಸವೂ ನನ್ನ ತಲೆಗೆ ಬಿತ್ತು. ವಯಸ್ಸು ಚಿಕ್ಕದಾದರೆ ಕಂಪ್ಯೂಟರ್ ತಾನಾಗಿ ಬರುತ್ತದೆ ಎನ್ನುವುದು ನಮ್ಮ ಕಡೆ ಯಾರೂ ಪ್ರಶ್ನಿಸದ ಇನ್ನೊಂದು ನಂಬಿಕೆ.

ಮಿಸ್ ಜೊತೆ ನನ್ನ ಮೊದಲ ಜಗಳ ಆ ಶೀಟಿನ ಮುಂದೆಯೇ ಆಯಿತು.

"ಮಿಸ್, ಈ ಫಾರ್ಮುಲಾ ಕೆಟ್ಟೋಗಿದೆ."

"ಕೆಟ್ಟೋಗಿದೆ ಅಂತ ಹೆಂಗೆ ಗೊತ್ತಾಯ್ತು?"

"ಎಲ್ಲಾ ಕಡೆ ಎನ್‌ಎ ಅಂತ ಬರ್ತಿದೆ."

"ಅರೆ, ಅದು ಪಾಪ ಉತ್ತರ ಕೊಡ್ತಾ ಇದೆ ಬೇಟಾ. ನೀನು ಹುಡುಕು ಅಂದೆ, ಹುಡುಕ್ತು. ಸಿಗಲಿಲ್ಲ ಅಂತ ಬಾಯಿಬಿಟ್ಟು ಹೇಳ್ತು. ನಿಮ್ಮ ಡಿಬೇಟಲ್ಲಿ ಯಾರಾದ್ರೂ ಹಂಗೆ ಹೇಳ್ತಾರಾ?"

ಹೇಳುವುದಿಲ್ಲ. ನನಗೆ ತರಬೇತಿ ಕೊಟ್ಟವರು ಮೊದಲು ಕಲಿಸಿದ್ದೇ ಅದು: ಗೊತ್ತಿಲ್ಲದಿದ್ದರೆ ಪ್ರಶ್ನೆಯನ್ನೇ ಪ್ರಶ್ನಿಸು, ಗೊತ್ತಿಲ್ಲ ಎಂದು ಮಾತ್ರ ಹೇಳಬೇಡ. ಅದನ್ನು ಮಿಸ್‌ಗೆ ಹೇಳಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವತ್ತಿನಿಂದ ನನಗೆ ವಕೀಲಮ್ಮ ಎಂದು ಹೆಸರಾಯಿತು. ಕೋಪ ಬಂದರೆ ವಕೀಲಮ್ಮ, ಪ್ರೀತಿ ಬಂದರೆ ಬೇಟಾ. ಒಂದೇ ವಾಕ್ಯದಲ್ಲಿ ಎರಡೂ ಬರುವುದುಂಟು.

ಅವರು ಕಂಪ್ಯೂಟರಿನ ಮುಂದೆ ಕೂರುತ್ತಿರಲಿಲ್ಲ. ನಮ್ಮನ್ನು ಕೂರಿಸಿ, ತಾವು ಹಿಂದೆ ಸ್ಕೂಟರಿನ ಕೀಲಿಗೊಂಚಲನ್ನು ಬೆನ್ನ ಹಿಂದೆ ಹಿಡಿದು ನಿಲ್ಲುತ್ತಿದ್ದರು. ನಾವು ತಪ್ಪು ದಾರಿಗೆ ಹೋದರೆ ಕೀಲಿಗಳು ಗಲಗಲ ಎನ್ನುತ್ತಿದ್ದವು. ಸರಿದಾರಿಗೆ ಬಂದರೆ ಸದ್ದಿಲ್ಲ. ಒಮ್ಮೊಮ್ಮೆ ತಪ್ಪು ದಾರಿಗೆ ಅವರೇ ಕರೆದುಕೊಂಡು ಹೋಗುತ್ತಿದ್ದರು. ಆಗಲೂ ಸದ್ದಿಲ್ಲ, ಅದನ್ನೂ ಹೇಳಬೇಕು. ವಿನಯ ಅವರ ಗುಣವೇ ಆಗಿರಲಿಲ್ಲ. "ಈ ಜಿಲ್ಲೆಯಲ್ಲಿ ವಿ-ಲುಕಪ್ ಅನ್ನೋ ಈ ಹುಡುಕೋ ಫಾರ್ಮುಲಾನ ನನ್ನಷ್ಟು ಅರ್ಥ ಮಾಡಿಕೊಂಡೋರು ಇದ್ರೆ ತೋರ್ಸು, ಅವರಿಗೆ ನಾನೇ ಹಾರ ಹಾಕ್ತೀನಿ" ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು. ಸಾಕ್ಷಿ ಏನು ಎಂದು ಕೇಳಿದರೆ, "ಯಾರನ್ನೂ ಇನ್ನೂ ತೋರಿಸಿಲ್ವಲ್ಲ, ಅದೇ ಸಾಕ್ಷಿ" ಎನ್ನುತ್ತಿದ್ದರು. ಇದು ತರ್ಕದೋಷ ಎಂದು ವಿವರಿಸಲು ನಾನು ಮೂರ್ನಾಲ್ಕು ಸಲ ಪ್ರಯತ್ನಪಟ್ಟೆ. ಪ್ರತಿ ಸಲ ಚಹಾ ಬಂತು.

ತಾವರೆಕೆರೆಯ ಒಬ್ಬ ಮೇಷ್ಟ್ರು ಒಮ್ಮೆ ಫೋನ್ ಮಾಡಿದರು. ಮಿಸ್ ಸಿರಾ ಬಸ್‌ಸ್ಟ್ಯಾಂಡಿನ ಹತ್ತಿರ ಬದನೆಕಾಯಿ ಆರಿಸುತ್ತಿದ್ದರು, ನಾನು ಚೀಲ ಹಿಡಿದಿದ್ದೆ. ಮೇಷ್ಟ್ರ ಗೋಳು ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳುತ್ತಿತ್ತು.

"ಮಿಸ್, ನಂಬರ್ ಕಣ್ಮುಂದೇನೆ ಐತೆ, ಹೆಸರೂ ಪಕ್ಕದಲ್ಲೇ ಐತೆ. ಆದ್ರೂ ಸಿಗಲಿಲ್ಲ ಅಂತೈತೆ. ನನ್ ಕಣ್ಣಿಗೆ ಕಾಣೋದು ಇದಕ್ಯಾಕೆ ಕಾಣಾಕಿಲ್ಲ?"

"ಹೆಸರು ನಂಬರಿನ ಯಾವ ಪಕ್ಕಕ್ಕೆ ಐತೆ ಸಾರ್? ಎಡಕ್ಕೋ ಬಲಕ್ಕೋ?"

"ಎಡಕ್ಕೆ."

"ಮತ್ತೆ? ಅದಕ್ಕೆ ಎಡಗಡೆ ಕತ್ತು ತಿರುಗಲ್ಲ. ನಮ್ಮತ್ತೆಗೆ ಕತ್ತು ಹಿಡ್ಕೊಂಡಿತ್ತು ನೋಡಿ, ಹಂಗೆ. ಬಲಗಡೆ ಕೂತರೆ ಸೊಸೆ, ಎಡಗಡೆ ಕೂತರೆ ಮನೇಲಿ ಯಾರೂ ಇಲ್ಲ. ನಂಬರನ್ನ ಎಡಕ್ಕೆ ಕೂರಿಸಿ, ಹೆಸರನ್ನ ಬಲಕ್ಕೆ ತನ್ನಿ."

ಆ ಕಡೆ ಕೀಬೋರ್ಡಿನ ಟಕಟಕ ಕೇಳಿಸಿತು. ಆಮೇಲೆ ಮೇಷ್ಟ್ರು, "ಬಂತು ಮಿಸ್. ನಿಮ್ಮತ್ತೆ ಈಗ ಹೆಂಗವ್ರೆ?" ಎಂದು ಕೇಳಿದರು. ಬದನೆಕಾಯಿ ಮಾರುವಾಕೆಯೂ ಅದೇ ಉತ್ತರಕ್ಕೆ ಕಾಯುತ್ತಿದ್ದಳು.

ಈಗ ಎರಡೂ ಕಡೆ ನೋಡುವ ಹೊಸ ಫಾರ್ಮುಲಾ ಬಂದಿದೆ, ಅದನ್ನೇ ಕಲಿಸಿ ಎಂದು ನಾನು ದಾರಿಯುದ್ದಕ್ಕೂ ವಾದ ಮಾಡಿದೆ. ಆ ವಾದವನ್ನು ನಾನು ಗೆದ್ದೆ ಎಂದು ಇವತ್ತಿಗೂ ಹೇಳುತ್ತೇನೆ. ಮಿಸ್ ಮಾತ್ರ, "ನಾಲ್ಕು ತಾಲ್ಲೂಕಿನ ಹಳೇ ಕಂಪ್ಯೂಟರಿಗೆಲ್ಲ ಆ ಹೊಸ ಫಾರ್ಮುಲಾನ ನೀನು ಬಸ್ಸಲ್ಲಿ ಹೊತ್ಕೊಂಡು ಹೋಗಿ ಹಾಕಿ ಬರ್ತೀಯಾ?" ಎಂದು ಸ್ಕೂಟರ್ ಹತ್ತಿದರು.

ಅವರಿಗೆ ನಿಜವಾದ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಸಿಗಲಿಲ್ಲ ಎಂದು ಬಂದ ಕಡೆಯೆಲ್ಲ, ನೋಡಲು ಚೆನ್ನಾಗಿರಲಿ ಎಂದು ಒಂದು ಗೆರೆ ಬರುವಂತೆ ಫಾರ್ಮುಲಾ ಬರೆಯುವವರುಂಟು. ಹಾಗೆ ಬರೆದ ಶೀಟು ಕಂಡರೆ ಮಿಸ್ ಧ್ವನಿ ತಗ್ಗುತ್ತಿತ್ತು. ಅವರ ಧ್ವನಿ ತಗ್ಗಿತೆಂದರೆ ನಾವು ಕುರ್ಚಿ ಬಿಟ್ಟು ಏಳುತ್ತಿದ್ದೆವು. "ಅದು ಕೂಗಿ ಹೇಳ್ತಿದೆ, ಇಲ್ಲೊಬ್ಬರು ಸಿಗ್ತಿಲ್ಲ ಅಂತ. ನೀವು ಅದರ ಬಾಯಿಗೆ ಬಟ್ಟೆ ತುರುಕಿದೀರ. ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ."

ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಈ ಮಾತನ್ನೂ ನಾನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಎಲ್ಲ ಕಡೆ ಹುಡುಕಿಯೂ ಸಿಗಲಿಲ್ಲ ಎಂದರೆ ಇಲ್ಲ ಎಂದೇ ಅರ್ಥವಲ್ಲವೇ ಎಂದು ಕೇಳಿದೆ. "ಎಲ್ಲಾ ಕಡೆ ಅಂತ ಯಾರು ಹೇಳಿದ್ದು? ಹುಡುಕಿದೋರೇ ತಾನೆ?" ಎಂದರು. ಆ ಮಾತಿಗೆ ಎದುರುತ್ತರ ಹುಡುಕುತ್ತಿದ್ದಾಗಲೇ ಮಧುಗಿರಿಯ ಸ್ಪರ್ಧೆಯ ಭಾನುವಾರ ಬಂತು.

ಅವತ್ತಿನ ಕಥೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಅವಳನ್ನು ಮೊದಲು ಹೇಳಬೇಕು. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಚರ್ಚೆಗೆ ಹೆಸರು ಕೊಟ್ಟಿದ್ದಳು. ಅವಳ ಹಳ್ಳಿಯಿಂದ ಯಾರೂ ಹಿಂದೆ ಕೊಟ್ಟಿರಲಿಲ್ಲ. ತಿಂಗಳುಗಟ್ಟಲೆ ಸಂಜೆ ಹೊತ್ತು ಫೋನಿನಲ್ಲಿ ನಾನೇ ಅವಳಿಗೆ ಅಭ್ಯಾಸ ಮಾಡಿಸಿದ್ದೆ. ಸಿಟ್ಟು ಬಂದರೆ ತೆಲುಗಿಗೆ ಜಾರುತ್ತಿದ್ದಳು. "ಅಕ್ಕಾ, ಅದಿ ಕಾದು, ಅದಲ್ಲ ನಾ ಹೇಳಿದ್ದು" ಎಂದು ನನ್ನನ್ನೇ ತಡೆದು ನಿಲ್ಲಿಸುವಷ್ಟು ಗಟ್ಟಿಯಾಗಿದ್ದಳು. ಪರ ವಹಿಸಬೇಕೋ ವಿರೋಧ ವಹಿಸಬೇಕೋ ಎನ್ನುವುದು ಸ್ಪರ್ಧೆಯ ದಿನ ಕೈಗೆ ಕೊಡುವ ಚೀಟಿಯಿಂದಲೇ ಮಕ್ಕಳಿಗೆ ಗೊತ್ತಾಗಬೇಕು. ಹೋದ ಸಲ ಕೈಬರಹದ ಚೀಟಿಗಳಿಂದ ಜಗಳವಾಗಿ, ಈ ಸಲ ಅಚ್ಚಾದ ಚೀಟಿ ಇಲ್ಲದವರನ್ನು ಕೊಠಡಿಯೊಳಗೆ ಬಿಡುವುದಿಲ್ಲ ಎಂದು ತೀರ್ಪುಗಾರರು ಮೊದಲೇ ಹೇಳಿದ್ದರು.

ಚೀಟಿಗಳ ಏರ್ಪಾಡು ಹೀಗಿತ್ತು. ಒಂದು ಶೀಟಿನಲ್ಲಿ ಮಕ್ಕಳ ನಂಬರು, ಅದರ ಮುಂದೆ ಸ್ಪರ್ಧೆ, ಕೊಠಡಿ, ಪಕ್ಷ. ಹೆಸರುಗಳು ಬಂದ ಹಾಗೆ ಅದನ್ನು ತುಂಬಿದ್ದೆವು. ಎಲ್ಲರಿಗಿಂತ ಮೊದಲು ಹೆಸರು ಕಳಿಸಿದವರು ಪಾವಗಡದವರು. ದೂರದವರು, ಯಾವಾಗಲೂ ತಡ ಎನ್ನಿಸಿಕೊಂಡು ಸಾಕಾದವರು, ಅದಕ್ಕೇ ಅವರಿಗೆ ಅವಸರ. ಹಾಗಾಗಿ ಪಟ್ಟಿಯ ತಲೆಯಲ್ಲಿ ಅವರು. ಅವರ ಕೆಳಗೆ ಮಧುಗಿರಿ, ಕೊರಟಗೆರೆ, ಸಿರಾ. ಇನ್ನೊಂದು ಶೀಟು ಅಚ್ಚಾಗಬೇಕಾದ ಚೀಟಿಗಳದು. ಅದನ್ನು ಮಕ್ಕಳು ಬಂದಿಳಿಯುವ ಕ್ರಮದಲ್ಲಿ ಜೋಡಿಸಿದ್ದೆವು. ಊರಿನವರಾದ ಮಧುಗಿರಿ ಮಕ್ಕಳು ಮೊದಲು, ಆಮೇಲೆ ಕೊರಟಗೆರೆ, ಸಿರಾ, ಕೊನೆಗೆ ಪಾವಗಡದ ಬಸ್ಸು. ಫಾರ್ಮುಲಾ ಮಾಡಬೇಕಾದದ್ದು ಇಷ್ಟೆ: ಈ ಶೀಟಿನ ನಂಬರನ್ನು ಆ ಶೀಟಿನಲ್ಲಿ ಹುಡುಕಿ, ಅದರ ಮುಂದಿರುವುದನ್ನು ಇಲ್ಲಿಗೆ ತರಬೇಕು. ಮೊದಲ ಸಾಲಿನ ಫಾರ್ಮುಲಾ ನಾನು ಬರೆದೆ. ಅದನ್ನು ಮೌಸಿನಲ್ಲಿ ಹಿಡಿದು, ಎಲ್ಲ ಸಾಲಿಗೂ ನಕಲಾಗುವಂತೆ ಕೊನೆಯವರೆಗೆ ಎಳೆದವರು ನಮ್ಮ ಕೂಟದ ಕಾರ್ಯದರ್ಶಿಗಳು. ಮಧುಗಿರಿಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟವರು, ಒಳ್ಳೆಯ ಮನುಷ್ಯರು, ಗಟ್ಟಿ ದನಿಯವರು.

ಭಾನುವಾರ ಬೆಳಿಗ್ಗೆ ನೋಡಿದರೆ ಮೂರು ತಾಲ್ಲೂಕುಗಳ ಚೀಟಿ ಸೊಗಸಾಗಿ ತುಂಬಿತ್ತು. ಪಾವಗಡದ ಒಂದೊಂದು ಮಗುವಿನ ಮುಂದೂ ಎನ್‌ಎ.

"ಪಾವಗಡದೋರು ಯಾವಾಗ್ಲೂ ಇಂಗೇ ಕಣಮ್ಮ. ಏನೋ ಎಡವಟ್ಟು ಮಾಡಿ ಕಳ್ಸವ್ರೆ" ಎಂದರು ಕಾರ್ಯದರ್ಶಿಗಳು.

ನಾನು ಅವರ ಮಾತಿಗೆ ತರ್ಕದ ಕಾಲು ಜೋಡಿಸಿದೆ. ಫಾರ್ಮುಲಾ ಎಲ್ಲರಿಗೂ ಒಂದೇ. ಮೂವರಿಗೆ ಸರಿಯಾಗಿ ನಡೆದಿದೆ. ಆದ್ದರಿಂದ ಫಾರ್ಮುಲಾ ನಿರಪರಾಧಿ. ಎಷ್ಟು ಚೆಂದದ ವಾದ. ನಾನೇ ತೀರ್ಪುಗಾರ್ತಿಯಾಗಿದ್ದರೆ ನನಗೇ ಬಹುಮಾನ ಕೊಡುತ್ತಿದ್ದೆ.

ಅಷ್ಟರಲ್ಲಿ ಫೋನು. ಪಾವಗಡದ ಮಕ್ಕಳ ಜೊತೆಗಿದ್ದ ಟೀಚರು. ಮಿಡಿಗೇಶಿ ದಾಟಿದ್ದೇವೆ, ಇನ್ನರ್ಧ ಗಂಟೆಯಲ್ಲಿ ಮಧುಗಿರಿ ಎಂದರು. ಹಿಂದೆ ಮಕ್ಕಳ ಹಾಡು, ಅದರ ಮೇಲೆ ಒಂದು ದನಿ: "ಅಕ್ಕಾ, ನಾನು ಪರಾನೋ ವಿರೋಧಾನೋ?"

ನೀನು ಯಾವುದೂ ಅಲ್ಲ, ನೀನು ಸಿಗಲಿಲ್ಲ ಎಂದು ಹೇಳುವುದು ಹೇಗೆ? ಬಾ, ಹೇಳುತ್ತೇನೆ ಎಂದೆ.

ಕಾರ್ಯದರ್ಶಿಗಳು ಗೋಡೆ ಗಡಿಯಾರ ನೋಡಿದರು. "ಒಂದ್ ಕೆಲ್ಸ ಮಾಡೋಣ. ಈ ಸಲ ಮೂರು ತಾಲ್ಲೂಕಿಗೆ ಸ್ಪರ್ಧೆ ನಡೆಸ್ಬುಡೋಣ. ಅವ್ರು ನೋಡ್ಕೊಂಡು, ಊಟ ಮಾಡ್ಕೊಂಡು ಓಗ್ಲಿ. ಮುಂದಿನ ಸಲ ಸರಿಯಾಗಿ ಕಳಿಸ್ತಾರೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೋಳಿಗೆಗೂ ಹೇಳಿದ್ದರು.

ಆಗ ಸ್ಕೂಟರಿನ ಸದ್ದಾಯಿತು. ಮಿಸ್ ಒಳಗೆ ಬಂದರು, ನನ್ನ ಹೆಗಲ ಮೇಲಿಂದ ಪರದೆ ನೋಡಿದರು, ಅಡುಗೆಯವರನ್ನು ಮಾತಾಡಿಸಿ ಬರುತ್ತೇನೆಂದು ಹಿತ್ತಲಿಗೆ ಹೋದರು, ವಾಪಸು ಬಂದು ಬೆನ್ನ ಹಿಂದೆ ಕೀಲಿ ಹಿಡಿದು ನಿಂತರು. "ನಂಬರಿನ ಹಿಂದೆ ಖಾಲಿ ಜಾಗ ಸೇರ್ಕೊಂಡಿರಬೇಕು, ತೆಗಿ" ಎಂದರು. ತೆಗೆದೆ. ಎನ್‌ಎ ಅಲುಗಲಿಲ್ಲ. "ನಂಬರು ಅಕ್ಷರದ ವೇಷ ಹಾಕ್ಕೊಂಡಿರಬೇಕು, ನಂಬರಾಗಿ ಮಾಡು" ಎಂದರು. ಮಾಡಿದೆ. ಅಲುಗಲಿಲ್ಲ. ನೋಡಿ, ಎರಡು ಊಹೆ, ಎರಡೂ ತಪ್ಪು. ಇದನ್ನು ಬೀಳ್ಕೊಡುಗೆಯಲ್ಲಿ ಯಾರಾದರೂ ಹೇಳಿದರೇ?

"ನಾನು ಹೇಳ್ಲಿಲ್ವಾ ಮಿಸ್, ಪಾವಗಡದೋರ್ದೇ ತಪ್ಪು" ಎಂದರು ಕಾರ್ಯದರ್ಶಿಗಳು.

"ಅಚ್ಛಾ. ಹಂಗಾದ್ರೆ ನೀವೇ ಪಾವಗಡ ಆಗಿ ಸಾರ್. ಎಲ್ಲಾ ಅಂಗಳಕ್ಕೆ ಬನ್ನಿ."

ಪಾವಗಡದ ಬಸ್ಸು ಊರು ಸಮೀಪಿಸುತ್ತಿರುವಾಗ ಈ ಹೆಂಗಸಿಗೆ ಆಟವೇ ಎಂದು ನಾನು ಗೊಣಗಿದೆ. "ವಕೀಲಮ್ಮ, ನೀನು ಫಾರ್ಮುಲಾ" ಎಂದರು.

ಅಂಗಳದಲ್ಲಿ ಹಗ್ಗಜಗ್ಗಾಟದ ಹಗ್ಗ ಬಿದ್ದಿತ್ತು. ಪಟ್ಟಿಯಲ್ಲಿದ್ದ ಕ್ರಮದಲ್ಲೇ ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿದರು. ಎಲ್ಲರಿಗಿಂತ ಮುಂದೆ ಪಾವಗಡವಾಗಿ ಕಾರ್ಯದರ್ಶಿಗಳು, ಅವರ ಹಿಂದೆ ಮಧುಗಿರಿಯಾಗಿ ಅಡುಗೆಯಮ್ಮ, ಆಮೇಲೆ ಕೊರಟಗೆರೆಯಾಗಿ ಡ್ರಾಯಿಂಗ್ ಮೇಷ್ಟ್ರು, ಕೊನೆಗೆ ಸಿರಾ ಆಗಿ ಮೈಕ್‌ಸೆಟ್ಟಿನವನು. ನಾಲ್ವರನ್ನೂ ಒಳಗೊಳ್ಳುವ ಹಾಗೆ ನೆಲದ ಮೇಲೆ ಹಗ್ಗದ ಸುತ್ತು ಹಾಕಿ, ಅದರ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿದರು.

"ನೀನು ಹುಡುಕೋದು ಹಗ್ಗದ ಒಳಗೆ ಮಾತ್ರ. ಮೊದಲ್ನೇ ಚೀಟಿ, ಮಧುಗಿರಿ. ಸಿಕ್ತಾ?"

"ಸಿಕ್ತು."

"ಒಂದು ಹೆಜ್ಜೆ ಕೆಳಗೆ ಇಳಿ. ಎರಡನೇ ಚೀಟಿ, ಕೊರಟಗೆರೆ."

ನಾನು ಸಾಲಿನ ಬಾಲದ ಕಡೆಗೆ ಒಂದು ಹೆಜ್ಜೆ ಇಳಿದೆ. ನನ್ನ ಜೊತೆ ಹಗ್ಗವೂ ಇಳಿಯಿತು. ಕಾರ್ಯದರ್ಶಿಗಳ ಕಾಲ್ಬೆರಳಿಗೆ ತಾಗಿತು. ಅವರು ಪಂಚೆ ಎತ್ತಿ ದಾಟಿಕೊಂಡರು. "ಲೇ, ನಾನ್ ಆಚೆ ಬಂದ್ಬುಟ್ಟೆ" ಎಂದರು.

"ನೀವು ಸುಮ್ನೆ ನಿಂತ್ಕೊಳ್ಳಿ ಸಾರ್. ಕೊರಟಗೆರೆ ಸಿಕ್ತಾ? ಸಾಕು. ಇನ್ನೊಂದು ಹೆಜ್ಜೆ. ಸಿರಾ?"

ಸಿಕ್ಕಿತು. ಈಗ ಅಡುಗೆಯಮ್ಮನೂ ಹೊರಗೆ. "ನಂದು ಆಗ್ಲೇ ಸಿಕ್ಕೈತಲ್ಲ, ನಂಗೇನು" ಎಂದು ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಕೊನೇ ಹೆಜ್ಜೆ. ಪಾವಗಡ ಹುಡುಕು."

ಹಗ್ಗದೊಳಗೆ ಮೈಕ್‌ಸೆಟ್ಟಿನವನೊಬ್ಬನೇ ಉಳಿದಿದ್ದ. ಅವನ ಹಿಂದೆ ಖಾಲಿ ನೆಲ. ನಾನು ಬಾಯಿ ತೆರೆದೆ. ಬಂದದ್ದು ಒಂದೇ ಮಾತು. "ಸಿಗಲಿಲ್ಲ."

"ಇಲ್ಲೇ ಇದೀನಲ್ಲಮ್ಮ" ಎಂದು ಕಾರ್ಯದರ್ಶಿಗಳು ಆ ತುದಿಯಿಂದ ಕೂಗಿದರು. "ಎಲ್ರಿಗಿಂತ ಮೊದ್ಲು ಬಂದು ನಿಂತೋನು ನಾನು. ನನ್ನೇ ಆಚೆ ಹಾಕ್ತೀರಾ?" ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಯಿತು. ಕೈ ತಲೆಗೆ ಹೋಯಿತು. "ಅಯ್ಯೋ, ಪಾವಗಡದೋರು ಮಾಡಿದ್ ತಪ್ಪು ಇಷ್ಟೇನಾ? ಬೇಗ ಹೆಸ್ರು ಕೊಟ್ಟಿದ್ದು?"

ಅಡುಗೆಯಮ್ಮ ನಗಲು ಶುರುಮಾಡಿದಳು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ನಾನು ಹಗ್ಗ ಕಟ್ಟಿಕೊಂಡೇ ನೆಲಕ್ಕೆ ಕುಸಿದು ನಕ್ಕೆ. ಫಾರ್ಮುಲಾ ಎಲ್ಲರಿಗೂ ಒಂದೇ ಎಂದು ವಾದಿಸಿದ್ದೆನಲ್ಲ, ಅದು ಒಂದೇ ಆಗಿರಲಿಲ್ಲ. ಕೆಳಗೆ ಎಳೆದಂತೆಲ್ಲ ಅದು ಹುಡುಕುವ ಜಾಗವೂ ಕೆಳಗೆ ಸರಿದಿತ್ತು, ಪಟ್ಟಿಯ ತಲೆಯಲ್ಲಿದ್ದವರು ಒಬ್ಬೊಬ್ಬರಾಗಿ ಆಚೆ ಬಿದ್ದಿದ್ದರು.

ಮಿಸ್ ನನ್ನ ಸೊಂಟದ ಗಂಟು ಬಿಚ್ಚಿ, ತುದಿಯನ್ನು ಒಯ್ದು ಅಂಗಳದ ಹೊಂಗೆ ಮರಕ್ಕೆ ಕಟ್ಟಿದರು. ನಾಲ್ವರ ಸುತ್ತ ಹಗ್ಗವನ್ನು ಮತ್ತೆ ಸರಿಮಾಡಿದರು. "ಈಗ ನೀನು ಎಲ್ಲಿಗೆ ಬೇಕಾದ್ರೂ ಹೋಗು. ಹಗ್ಗ ಬರಲ್ಲ. ಶೀಟಲ್ಲಿ ಹೊಂಗೆ ಮರ ಇಲ್ಲ, ಡಾಲರ್ ಚಿಹ್ನೆ ಇದೆ. ಅದೇ ಗೂಟ. ಹೋಗಿ ಹೊಡಿ."

ಓಡಿದೆ. ಕೀ ಒತ್ತಿದೆ, ಹುಡುಕುವ ಜಾಗಕ್ಕೆ ಡಾಲರ್ ಗೂಟ ಬಿತ್ತು. ಕಾರ್ಯದರ್ಶಿಗಳು ತಾವೇ ಕೂತು, ಈ ಸಲ ದೇವರ ಪಲ್ಲಕ್ಕಿ ಇಳಿಸುವಷ್ಟು ಜೋಪಾನವಾಗಿ, ಕೊನೆಯ ಸಾಲಿನವರೆಗೆ ಎಳೆದರು. ಪಾವಗಡ ತುಂಬಿತು. ಪ್ರಿಂಟರು ಕೊನೆಯ ಹಾಳೆ ಉಗುಳುವಾಗ ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಬಸ್ಸಿನ ಬಾಗಿಲಿಗೆ ಹೋಗಿ ನಿಂತವರು ಕಾರ್ಯದರ್ಶಿಗಳೇ. "ಬನ್ರಪ್ಪ, ಬನ್ರಮ್ಮ, ನೀವೇ ಮೊದ್ಲು" ಎಂದು ಒಬ್ಬೊಬ್ಬರ ಕೈಗೂ ಚೀಟಿ ಕೊಟ್ಟರು. ಯಾಕೆ ಇಷ್ಟು ಮರ್ಯಾದೆ ಎಂದು ಮಕ್ಕಳಿಗೆ ತಿಳಿಯಲಿಲ್ಲ.

ನನ್ನ ಹುಡುಗಿಗೆ ವಿರೋಧ ಬಂದಿತ್ತು. ಎರಡನೇ ಸುತ್ತಿನಲ್ಲಿ ಎದುರಾಳಿ ಏನೋ ಅಂಕಿಸಂಖ್ಯೆ ಹೇಳಿ, ಇದಕ್ಕೇನು ಹೇಳುತ್ತೀ ಎಂದ. ಅವಳು, "ನನಗೆ ಗೊತ್ತಿಲ್ಲ. ನಿಮಗೆ ಎಲ್ಲಿಂದ ಗೊತ್ತಾಯ್ತು, ಅದನ್ನ ಹೇಳಿ" ಎಂದಳು. ಅವನು ಕೈಯಲ್ಲಿದ್ದ ಕಾಗದ ತಿರುವಿ ಹಾಕಿದ. ಸಭೆ ಚಪ್ಪಾಳೆ ತಟ್ಟಿತು. ನಾನು ಅದನ್ನು ಅವಳಿಗೆ ಕಲಿಸಿರಲಿಲ್ಲ. ಬಹುಮಾನ ಸಿರಾದವನಿಗೆ ಹೋಯಿತು. ಅವಳು ಹೋಳಿಗೆ ತಿನ್ನುತ್ತಾ ಆ ತೀರ್ಪಿನ ವಿರುದ್ಧವೂ ಎರಡು ಭಾಷೆಗಳಲ್ಲಿ ವಾದಿಸಿದಳು. ಈಗ ಅವಳ ಹಳ್ಳಿಯಿಂದ ಇನ್ನಿಬ್ಬರು ಹೆಸರು ಕೊಟ್ಟಿದ್ದಾರೆ, ಎಂದಿನಂತೆ ಎಲ್ಲರಿಗಿಂತ ಮೊದಲು.

ಇದು ನಡೆದದ್ದು. ಜಾದೂ ಇಲ್ಲ, ಒಂದೇ ನೋಟವೂ ಇಲ್ಲ. ಎರಡು ತಪ್ಪು ಊಹೆ, ಒಂದು ಹಗ್ಗ, ಒಂದು ಮರ. ಬೀಳ್ಕೊಡುಗೆಯ ಅಧ್ಯಕ್ಷತೆ ವಹಿಸಿದ್ದ ಕಾರ್ಯದರ್ಶಿಗಳಿಗೆ ಇದೆಲ್ಲ ಗೊತ್ತು. ಆದರೂ ಒಂದೊಂದು ಭಾಷಣಕ್ಕೂ ತಲೆದೂಗುತ್ತಿದ್ದರು. ಹಗ್ಗದ ಆಚೆ ಪಂಚೆ ಎತ್ತಿಕೊಂಡು ನಿಂತದ್ದನ್ನು ವೇದಿಕೆಯ ಮೇಲೆ ಯಾರು ಹೇಳಿಕೊಳ್ಳುತ್ತಾರೆ? ಹಾಗಾಗಿ ಊಟದ ಪಂಕ್ತಿಯಲ್ಲಿ, ಅತಿಥಿಯಾಗಿ ಬಂದಿದ್ದ ಅವತ್ತಿನ ಅಡುಗೆಯಮ್ಮನ ಪಕ್ಕ ಕೂತು ನನ್ನ ವಾದವನ್ನು ಪೂರ್ತಿ ಮಂಡಿಸಿದೆ. ಆಕೆ ಅನ್ನ ಕಲಸುತ್ತಾ ಕೇಳಿಸಿಕೊಂಡಳು.

"ಊಹೆ ತಪ್ಪಿದ ಮೇಲೇ ಅವರಿಗೆ ಹಗ್ಗದ ಯೋಚನೆ ಬಂದಿದ್ದು" ಎಂದು ಮುಗಿಸಿದೆ.

"ಎಲ್ಲಿ ಬುಡವ್ವ" ಎಂದಳು ಅಡುಗೆಯಮ್ಮ. "ಅವ್ರು ಬಂದೋರೇ ಹಿತ್ಲಿಗೆ ಬಂದು, ಹಗ್ಗ ತೆಗೆದು ಅಂಗಳಕ್ಕಾಕ್ಬುಡಮ್ಮ, ಈಗ ಬೇಕಾಯ್ತದೆ ಅಂದ್ರಲ್ಲ. ಅಕ್ಕಿ ತೊಳೀತಿದ್ದೋಳು ಕೈ ಒರೆಸ್ಕೊಂಡು ನಾನೇ ತಂದಾಕಿದ್ದು."

ತುತ್ತನ್ನು ಎಲೆಗೇ ಹಾಕಿದೆ. ಅಂದರೆ ಪರದೆ ನೋಡಿದ್ದು ಒಂದು ಸಲ. ಆಮೇಲೆ ಹಗ್ಗ. ಆಮೇಲೆ ಆ ಎರಡು ಊಹೆಗಳು. ಹಾಗಾದರೆ ಆ ಊಹೆಗಳು ಯಾರಿಗಾಗಿ? ಬಸ್ಸು ಮಿಡಿಗೇಶಿ ದಾಟಿದ್ದಾಗ, ಒಂದು ಕೀಯಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ಹೊತ್ತು ಯಾಕೆ?

ಹಾರ ಕೈಯಲ್ಲಿ ಹಿಡಿದು ಮಿಸ್ ಗೇಟಿನ ಹತ್ತಿರ ಸ್ಕೂಟರ್ ತೆಗೆಯುತ್ತಿದ್ದರು. ಎಂಜಲು ಕೈಯಲ್ಲೇ ಓಡಿದೆ. ನನ್ನ ಮುಖ ನೋಡಿ, "ಏನು ವಕೀಲಮ್ಮ, ಇವತ್ತೂ ವಾದಾನಾ ಬೇಟಾ?" ಎಂದು ಹೆಲ್ಮೆಟ್ ಹಾಕಿಕೊಂಡರು. ಕೀಲಿಗೊಂಚಲು ಗಲಗಲ ಎನ್ನಲಿಲ್ಲ. ಗಾಜಿನ ಹಿಂದೆ ಕಣ್ಣುಗಳು ನಗುತ್ತಿದ್ದವೋ, ಬಿಸಿಲಿಗೆ ಕಿರಿದಾಗಿದ್ದವೋ ತಿಳಿಯುವ ಮೊದಲೇ ಸ್ಕೂಟರ್ ಹೊರಟೇಬಿಟ್ಟಿತು. ನಾನು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ಕೂಗಿದ್ದು ಅವರಿಗೆ ಕೇಳಿಸಿರಲೇಬೇಕು:

"ಮಿಸ್, ಹಗ್ಗಾನ ಮೊದಲೇ ಯಾಕೆ ತರಿಸಿದ್ರಿ?"